ಹತ್ತು ಗುಂಡಿಗಳ ಲೆಕ್ಕ

ನಾಗಮಂಗಲದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಗಣಿತ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದು ಒರೆಸುತ್ತಿದ್ದಾಗ, ಪ್ರಾಣಿಶಾಸ್ತ್ರದ ಸಾರ್ ನಮ್ಮ ಕೋಣೆಗೆ ಬಂದರು. ಬಾಗಿಲನ್ನು ಅರ್ಧ ಮುಚ್ಚಿ ಎದುರಿನ ಕುರ್ಚಿಯಲ್ಲಿ ಕುಳಿತರು.

“ಮೇಡಂ, ಒಂದ್ ವಿಸ್ಯ. ನಗ್ಬಾರ್ದು.”

“ಹೇಳಿ ಸಾರ್.”

“ಈ ಸ್ಟ್ಯಾಂಡರ್ಡ್ ಡೀವಿಯೇಶನ್ನು ಅಂತ ಅದಲ್ಲ, ಇಪ್ಪತ್ತೈದ್ ವರ್ಸದಿಂದ ಬೋರ್ಡ್ ಮೇಲೆ ಬರೀತಾನೇ ಇವ್ನಿ. ಸೂತ್ರ ಬಾಯ್ಪಾಠ. ಆದ್ರೆ ಅದು ಏನು ಅಂತ ನಂಗೇ ಗೊತ್ತಿಲ್ಲ. ಒಸಿ ಹೇಳ್ಕೊಡ್ತೀರಾ?”

ನನಗೆ ನಗು ಬರಲಿಲ್ಲ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ಪಾಂಡವಪುರದ ಪಕ್ಕದ ಹಳ್ಳಿಯವರು. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಬರುತ್ತಿದ್ದರು. ವಿದ್ಯಾರ್ಥಿಗಳು ಅವರಿಗೆ ಹೆದರುತ್ತಿದ್ದರು. ಅಂಥವರು ಬಾಗಿಲು ಮುಚ್ಚಿಕೊಂಡು ಕೇಳಿದ್ದು ನನಗೆ ಎಲ್ಲೋ ತಟ್ಟಿತು. ನನ್ನದೂ ಅಂಥದೇ ಒಂದು ಗುಟ್ಟಿತ್ತಲ್ಲ. ಕಪ್ಪೆ ಕೊಯ್ಯಬೇಕಾಗುತ್ತದೆ ಎಂಬ ಹೆದರಿಕೆಗೇ ನಾನು ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಗಣಿತ ಹಿಡಿದವಳು. ಶ್ರೀರಂಗಪಟ್ಟಣದಲ್ಲಿ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ ಬೆಳೆದೆ. ಅಪ್ಪ ದೇವರ ಸೇವೆಯಲ್ಲಿದ್ದರು. ನಮ್ಮ ಮನೆಯಲ್ಲಿ ಮಣ್ಣು ಎಂದರೆ ತುಳಸಿಕಟ್ಟೆಯೊಳಗಿನದು, ಅಷ್ಟೇ.

ಅವತ್ತು ಅವರಿಗೆ ಬಸ್ಸಿನ ಉದಾಹರಣೆ ಕೊಟ್ಟೆ. ನಾನು ದಿನವೂ ಶ್ರೀರಂಗಪಟ್ಟಣದಿಂದ ಹತ್ತುವ ಬಸ್ಸಿಗೆ ಸರಾಸರಿ ಹತ್ತು ನಿಮಿಷ ಕಾಯುತ್ತೇನೆ ಎಂದುಕೊಳ್ಳಿ. ಒಂದು ಬಸ್ಸು ದಿನಾ ಒಂಬತ್ತು, ಹತ್ತು, ಹನ್ನೊಂದು ನಿಮಿಷಕ್ಕೆ ಬರುತ್ತದೆ. ಇನ್ನೊಂದು ಒಂದು ದಿನ ನಾನು ನಿಲ್ದಾಣಕ್ಕೆ ಕಾಲಿಡುವಾಗಲೇ ಬಂದು ನಿಂತಿರುತ್ತದೆ, ಇನ್ನೊಂದು ದಿನ ಇಪ್ಪತ್ತು ನಿಮಿಷ ಕಾಯಿಸುತ್ತದೆ. ಸರಾಸರಿ ಎರಡಕ್ಕೂ ಒಂದೇ. ಆದರೆ ಯಾವ ಬಸ್ಸನ್ನು ನಂಬಿ ಮನೆ ಬಿಡುತ್ತೀರಿ?

ಸಾರ್ ಕಣ್ಣು ಕಿರಿದು ಮಾಡಿ ಯೋಚಿಸಿದರು. “ಅಂಗಾರೆ ಸರಾಸರಿ ಸುತ್ತ ಎಷ್ಟು ಚೆದುರ್ಕಂಡದೆ ಅಂತ ತೋರ್ಸೋದು ಇದು.”

“ಅಷ್ಟೇ ಸಾರ್.”

“ಇಷ್ಟೇನಾ!” ಎಂದು ಎದ್ದು ನಿಂತರು. ಬಾಗಿಲವರೆಗೆ ಹೋದವರು ತಿರುಗಿ ಬಂದರು. “ಇದನ್ನ ನಮ್ ಹುಡುಗ್ರಿಗೆ ಬಸ್ಸಲ್ಲಿ ಬ್ಯಾಡ, ಎರೆಹುಳದಲ್ಲಿ ತೋರ್ಸನ ಮೇಡಂ. ನೀವು ಬರ್ಬೇಕು ಹೊಲಕ್ಕೆ.”

ಬರುತ್ತೇನೆ ಎಂದುಬಿಟ್ಟೆ. ಹುಳ ಎಂದ ಕೂಡಲೇ ಮೈ ಜುಮ್ಮೆಂದದ್ದನ್ನು ಹೇಳಲಿಲ್ಲ.

ನಮ್ಮ ಕಾಲೇಜಿನಲ್ಲಿ ಗಣಿತದ ಮಕ್ಕಳು ಒಂದು ಕಡೆ, ಜೀವಶಾಸ್ತ್ರದ ಮಕ್ಕಳು ಇನ್ನೊಂದು ಕಡೆ. ಒಂದೇ ವರ್ಷ ಸೇರಿದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಲೆಕ್ಕ ಬರುವುದಿಲ್ಲ ಎಂದು ಆ ಕಡೆ ಹೋದವರು ಅವರು. ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಈ ಕಡೆ ಬಂದವರು ಇವರು. ನಾವು ಈ ಪಾಠಕ್ಕೆ ಎರಡೂ ಕಡೆಯವರನ್ನು ಒಂದೇ ತರಗತಿಯಲ್ಲಿ ಕೂರಿಸಿ, ಒಬ್ಬ ಗಣಿತದ ವಿದ್ಯಾರ್ಥಿಗೆ ಒಬ್ಬ ಜೀವಶಾಸ್ತ್ರದ ವಿದ್ಯಾರ್ಥಿಯನ್ನು ಜೋಡಿ ಮಾಡಿದೆವು. ಕೆಲಸ ಇಷ್ಟು: ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಒಂದೊಂದು ಹೊಲ ಆರಿಸಬೇಕು. ಆ ಹೊಲದಲ್ಲಿ ಹತ್ತು ಕಡೆ, ಒಂದು ಅಡಿ ಚೌಕ, ಒಂದು ಅಡಿ ಆಳ ಅಗೆಯಬೇಕು. ಮಣ್ಣನ್ನು ಗೋಣಿತಾಟಿನ ಮೇಲೆ ಹರಡಿ ಕೈಯಿಂದ ಜಾಲಾಡಿ ಎರೆಹುಳ ಎಣಿಸಬೇಕು. ಎಣಿಸಿದ ಮೇಲೆ ಹುಳಗಳನ್ನು ಅದೇ ಗುಂಡಿಗೆ ಬಿಟ್ಟು ಮಣ್ಣು ಮುಚ್ಚಬೇಕು.

ಪ್ರಿನ್ಸಿಪಾಲರು ಕೇಳಿದ್ದು ಒಂದೇ ಪ್ರಶ್ನೆ: “ಸಿಲಬಸ್ ಮುಗಿಯುತ್ತಾ?” ಮುಗಿಯುತ್ತದೆ ಎಂದೆವು.

ಮೊದಲ ದಿನ ಎಲ್ಲರನ್ನೂ ಸಾರ್ ತಮ್ಮ ಜಮೀನಿಗೇ ಕರೆದುಕೊಂಡು ಹೋದರು. ನಾಲೆ ನೀರಿನ ಜಾಗ. ಕಬ್ಬಿನ ಸಾಲಿನ ಪಕ್ಕದಲ್ಲಿ ತೇವವಾಗಿದ್ದ ಕಡೆ ಗುದ್ದಲಿ ಇಟ್ಟು, “ಇಲ್ ಅಗೀರ್ಲಾ, ಇಲ್ಲಿ ಬೇಕಾದಂಗೆ ಸಿಕ್ತವೆ” ಎಂದರು.

ನಾನು ತಡೆದೆ. “ಸಾರ್, ಹುಳ ಇರುವ ಕಡೆಯೇ ಅಗೆದರೆ ಹುಳ ಸಿಗದೆ ಇರುತ್ತದೆಯೇ? ನಮಗೆ ಬೇಕಾದ್ದು ಇಡೀ ಹೊಲದ ಲೆಕ್ಕ.”

“ಮತ್ತೆ ಎಂಗೆ?”

“ಚೀಟಿ ಎತ್ತೋಣ.”

ಹೊಲದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು, ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಕೊಟ್ಟು, ಚೀಟಿ ಮಡಿಚಿ ಸ್ಟೀಲ್ ಲೋಟಕ್ಕೆ ಹಾಕಿ ಕುಲುಕಿದೆವು. ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. “ಏನ್ರವ್ವ, ಗುಂಡಿ ತೋಡಕ್ಕೂ ಲಾಟ್ರಿನಾ?” ಎಂದು ಒಬ್ಬರು ಕೇಳಿದರು. ಮಕ್ಕಳೆಲ್ಲ ಗೊಳ್ಳೆಂದರು. ಚೀಟಿಯಲ್ಲಿ ಬಂದ ಮೊದಲ ಜಾಗ ಗಟ್ಟಿ ನೆಲ. ಒಂದೇ ಒಂದು ಹುಳ ಸಿಕ್ಕಿತು. ಎರಡನೆಯ ಕಡೆ ಹನ್ನೊಂದು. ನಾನು ದೂರದಲ್ಲಿ ಬದುವಿನ ಮೇಲೆ ನಿಂತು ಬರೆದುಕೊಳ್ಳುವ ಕೆಲಸ ಮಾತ್ರ ಮಾಡಿದೆ. ಸಾರ್ ಅದನ್ನು ಗಮನಿಸಿದರು.

ಆ ವಾರದಿಂದ ನನಗೆ ದಿನದ ಬಸ್ ಪ್ರಯಾಣವೇ ಬೇರೆಯಾಗಿ ಕಾಣತೊಡಗಿತು. ಪಾಂಡವಪುರ ದಾಟುವವರೆಗೆ ಕಿಟಕಿಯಾಚೆ ಭತ್ತ, ಕಬ್ಬು, ತೆಂಗು. ಆಮೇಲೆ ಹಸಿರು ನಿಧಾನವಾಗಿ ತೆಳುವಾಗುತ್ತದೆ. ರಾಗಿ, ಹುರುಳಿ, ಕೆಂಪು ಮಣ್ಣು, ಕಲ್ಲು, ಕುರಿ. ಎಷ್ಟೋ ವರ್ಷ ಇದೇ ದಾರಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಹೋಗಿದ್ದೆ. ತಲೆ ಎತ್ತಿ ನೋಡಿರಲಿಲ್ಲ.

ಹದಿನೈದು ದಿನ ಬಿಟ್ಟು ಜೋಡಿಗಳು ಒಂದೊಂದಾಗಿ ಹಾಳೆ ತಂದುಕೊಟ್ಟವು. ಸಂಖ್ಯೆಗಳು ಹೊಲದಷ್ಟೇ ಏರುಪೇರಾಗಿದ್ದವು. ಕಿಕ್ಕೇರಿಯಿಂದ ಬರುತ್ತಿದ್ದ ಗಣಿತದ ಹುಡುಗಿಯೊಬ್ಬಳ ಹಾಳೆಯಲ್ಲಿ ಎರಡು, ಹದಿನಾಲ್ಕು, ಸೊನ್ನೆ, ಏಳು, ಒಂದು ಎಂದೆಲ್ಲ ಇತ್ತು. ಒಂದು ಕಡೆ ಕೆಸರಿನ ಬೆರಳಚ್ಚು ಕೂಡ ಬಿದ್ದಿತ್ತು. ಅವಳ ಜೋಡಿ ಬಿಂಡಿಗನವಿಲೆ ಕಡೆಯ ಹುಡುಗಿ, ಜೀವಶಾಸ್ತ್ರದವಳು. ಮಾತು ಕಡಿಮೆ. ಎರಡು ಬಸ್ ಬದಲಾಯಿಸಿ ಬರುತ್ತಿದ್ದಳು. ಯಾವಾಗಲೂ ಎರಡನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಅವಳ ಊರಿಗೆ ಹೋಗಬೇಕಾದ ದಿನ ಕಿಕ್ಕೇರಿಯವಳಿಗೆ ಜ್ವರ ಬಂದಿತ್ತು. ಹಾಗಾಗಿ ಇವಳೊಬ್ಬಳೇ ಕೆಲಸ ಮುಗಿಸಿದ್ದಳು. ಅವಳ ಹಾಳೆ ಬಹಳ ಚೆನ್ನಾಗಿತ್ತು. ನೀಲಿ ಶಾಯಿಯಲ್ಲಿ ಅಂಚು ಎಳೆದು ಬರೆದಿದ್ದಳು: ನಾಲ್ಕು, ಐದು, ನಾಲ್ಕು, ಐದು, ಐದು, ನಾಲ್ಕು, ಆರು, ಐದು, ನಾಲ್ಕು, ಐದು.

ನೋಡಿದ ಕೂಡಲೇ ಗೊತ್ತಾಯಿತು. ಮಳೆ ನಂಬಿದ ಹೊಲ. ಹತ್ತು ಕಡೆ ಅಗೆದರೆ ಹತ್ತರಲ್ಲೂ ಹುಳ ಹೀಗೆ ಹಂಚಿಕೊಂಡು ಕೂತಿರುವುದಿಲ್ಲ. ಗಣಿತದವಳಿಗೆ ಕಳ್ಳಲೆಕ್ಕ ಹಿಡಿದಾಗ ಒಂದು ಕೆಟ್ಟ ಖುಷಿ ಆಗುತ್ತದೆ. ಆ ಖುಷಿಯಲ್ಲಿಯೇ ಮಾರನೆಯ ದಿನ ತರಗತಿಯಲ್ಲಿ ಹಾಳೆ ಎತ್ತಿ ಹಿಡಿದೆ.

“ಏನಮ್ಮ, ನಿಮ್ಮೂರಿನ ಹುಳಗಳು ಬೆಳಿಗ್ಗೆ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದವಾ?”

ಎಲ್ಲರೂ ನಕ್ಕರು. ಅವಳು ಎದ್ದು ನಿಂತಳು. ತಲೆ ತಗ್ಗಿಸಿದ್ದಳು.

“ನೀನು ಹೊಲಕ್ಕೆ ಹೋಗಿಯೇ ಇಲ್ಲ. ಮನೆಯಲ್ಲಿ ಕೂತು ಬರೆದಿದ್ದೀಯ. ಹೌದೋ ಅಲ್ಲವೋ?”

ಕೂತುಕೋ ಎಂದು ಪಾಠ ಮುಂದುವರಿಸಿದೆ. ಆ ದಿನ ಪಾಠವೂ ಚೆನ್ನಾಗಿ ಆಯಿತು. ಅಂಕಿಗಳು ಹೇಗೆ ಸುಳ್ಳುಗಾರರನ್ನು ತೋರಿಸಿಕೊಡುತ್ತವೆ ಎಂಬುದನ್ನು ವಿವರಿಸಿದೆ. ಅವಳೂ ನೋಟ್ಸ್ ಬರೆದುಕೊಳ್ಳುತ್ತಿದ್ದಳು ಎಂಬುದು ಈಗಲೂ ನನ್ನ ಕಣ್ಣ ಮುಂದಿದೆ.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಕಿಕ್ಕೇರಿಯ ಹುಡುಗಿ ಬಂದು, “ಫೋನ್ ಮಾಡಿದ್ರೆ ಎತ್ತಲ್ಲ ಮೇಡಂ. ಇನ್ಮೇಲೆ ಬರಲ್ಲ ಅಂತ ಮೆಸೇಜ್ ಹಾಕವ್ಳೆ” ಎಂದಳು.

ಸಾರ್‌ಗೆ ನಡೆದದ್ದೆಲ್ಲ ಹೇಳಿದೆ. ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಲೆಕ್ಕ ಸುಳ್ಳೇ, ಒಪ್ತೀನಿ. ಆದ್ರೆ ಆ ಮಗು ಕೆಲ್ಸ ಕದಿಯೋ ಪೈಕಿ ಅಲ್ಲ. ಏನೋ ಆಗದೆ. ಎಲ್ರ ಮುಂದೆ ಕೇಳ್ಬಾರ್ದಾಗಿತ್ತು ಬುಡಿ.” ಹಾಳೆ ಮಡಿಚಿ ನನ್ನ ಕೈಗೆ ಕೊಟ್ಟು, “ಭಾನುವಾರ ಹೋಗ್ಬರಣ” ಎಂದರು.

ಆ ಎರಡು ದಿನ ಮನೆಯಲ್ಲಿ ಯಾವ ಕೆಲಸಕ್ಕೆ ಕೈ ಹಾಕಿದರೂ ಅವಳು ತಲೆ ತಗ್ಗಿಸಿ ನಿಂತದ್ದೇ ನೆನಪಾಗುತ್ತಿತ್ತು. ನಾನು ಹೇಳಿದ ಮಾತಿಗೆ ನಕ್ಕವರ ಸದ್ದು ಕೂಡ.

ಭಾನುವಾರ ನಾಗಮಂಗಲದಲ್ಲಿ ಸಾರ್ ಕಾಯುತ್ತಿದ್ದರು. ಬಿಂಡಿಗನವಿಲೆಯಲ್ಲಿ ಬಸ್ ಇಳಿದು, ವಿಚಾರಿಸಿಕೊಂಡು, ಕುರಿ ಹೆಜ್ಜೆ ತುಂಬಿದ ಮಣ್ಣಿನ ರಸ್ತೆಯಲ್ಲಿ ಅರ್ಧ ಗಂಟೆ ನಡೆದೆವು. ಮನೆಯ ಮುಂದೆ ಅವಳ ಅಜ್ಜಿ ಹುರುಳಿ ಕೇರುತ್ತಿದ್ದರು. ನಾವು ಯಾರೆಂದು ಹೇಳಿದಾಗ ಮೊರ ಕೆಳಗಿಟ್ಟು ಎದ್ದರು.

“ಬನ್ನಿ ಸ್ವಾಮಿ, ಬಾರವ್ವ. ಕುಂತ್ಕಳಿ. ನಮ್ ಮೊಗ ಏನ್ ತಪ್ ಮಾಡ್ತು? ಒಂದ್ ವಾರದಿಂದ ಬಾಯೇ ಬುಡಾಕಿಲ್ಲ ಅಂತಾಳೆ.”

ಸಾರ್ ಕೇಳಿದರು: “ಅವ್ವಾ, ನಿಮ್ ಮೊಮ್ಮಗ್ಳು ಹೊಲದಲ್ಲಿ ಗುಂಡಿ ತೋಡಿದ್ಲಾ?”

“ತೋಡ್ನಿಲ್ವಾ ಮತ್ತೆ! ಹತ್ತ್ ಗುಂಡಿ. ಹೊತ್ತಾರೆಯಿಂದ ಉಣ್ದೆ ತಿನ್ದೆ ತೋಡವ್ಳೆ. ಹಾರೆ ಹಾಕಿ ಕೊಟ್ಟೋಳು ನಾನೇ. ಮಣ್ಣ ಬೆರಳ್ನಲ್ಲಿ ಪುಡಿಪುಡಿ ಮಾಡಿ ನೋಡುದ್ಲು. ಒಂದ್ ಹುಳನಾರ ಸಿಗ್ಬಾರ್ದಾ! ಅಯ್ಯೋ ಅನ್ನುಸ್ತು ನಂಗೆ.”

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅಜ್ಜಿ ಕರೆದ ಮೇಲೆ ಹೊರಗೆ ಬಂದಳು. ಕೈಯಲ್ಲಿ ಒಂದು ಹಳೆಯ ನೋಟ್‌ಬುಕ್ಕು. ಅದರಲ್ಲಿ ಪೆನ್ಸಿಲಿನಲ್ಲಿ ಬರೆದ ನಿಜವಾದ ಲೆಕ್ಕ ಇತ್ತು. ಚೀಟಿಯಲ್ಲಿ ಬಂದ ಹತ್ತು ಸಂಖ್ಯೆಗಳು, ಒಂದೊಂದರ ಮುಂದೆಯೂ ಮಣ್ಣು ಹೇಗಿತ್ತು ಎಂಬ ವಿವರ, ಕೊನೆಯಲ್ಲಿ ಒಂದು ಸೊನ್ನೆ. ಹತ್ತೂ ಸೊನ್ನೆ. ಕೆಲವು ಸೊನ್ನೆಗಳನ್ನು ಎರಡೆರಡು ಸಲ ತಿದ್ದಿ ಬರೆದಿದ್ದಳು.

“ಇದನ್ನೇ ಯಾಕೆ ಕೊಡಲಿಲ್ಲ?” ಎಂದು ಕೇಳಿದೆ.

“ಎಲ್ಲಾ ಸೊನ್ನೆ ಬರ್ದ್ರೆ ಪ್ರಾಜೆಕ್ಟೇ ಮಾಡಿಲ್ಲ ಅಂತೀರ ಅನ್ಕೊಂಡೆ ಮೇಡಂ. ಎಲ್ರದ್ರಲ್ಲೂ ಹುಳ ಬಂದದೆ. ನಮ್ಮೂರ್ದು ಮಾತ್ರ ಏನೂ ಇಲ್ಲ ಅಂತ…”

ನನಗೆ ಮೊದಲ ದಿನದ ನನ್ನ ಪಾಠ ನೆನಪಾಯಿತು. ಸರಾಸರಿ ಹೇಳಿದ್ದೆ, ಚೆದುರುವಿಕೆ ಹೇಳಿದ್ದೆ, ಚೀಟಿ ಎತ್ತುವುದು ಹೇಳಿದ್ದೆ. ಏನೂ ಸಿಗದಿದ್ದರೆ ಅದೂ ಸಿಕ್ಕಿದ ವಿಷಯವೇ, ಅದನ್ನೂ ಬರೆಯಬೇಕು ಎಂದು ಮಾತ್ರ ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ಹೊಳೆದೇ ಇರಲಿಲ್ಲ. ಶಾಲೆಗೆ ಸೇರಿದಾಗಿನಿಂದ ಸೊನ್ನೆ ಎಂದರೆ ಫೇಲು ಎಂದೇ ಕಲಿತು ಬಂದ ಮಕ್ಕಳಿಗೆ ಅದು ತಾನಾಗಿ ಗೊತ್ತಾಗುವುದಾದರೂ ಹೇಗೆ?

“ನಿನ್ನನ್ನು ಎಲ್ಲರ ಮುಂದೆ ಹಾಗೆ ಕೇಳಿದ್ದು ನನ್ನ ತಪ್ಪು. ಸುಳ್ಳು ಬರೆದದ್ದು ನಿನ್ನ ತಪ್ಪು. ಎರಡನ್ನೂ ಸರಿ ಮಾಡಿಕೊಳ್ಳೋಣ” ಎಂದೆ. ಅವಳು ಒಳಗೆ ಹೋಗಿ ನಮ್ಮಿಬ್ಬರಿಗೂ ಮಜ್ಜಿಗೆ ತಂದಳು.

ಆಮೇಲೆ ಹೊಲ ತೋರಿಸಿದಳು. ರಾಗಿ ಮೊಣಕಾಲೆತ್ತರ ಬಂದಿತ್ತು. ಮುಚ್ಚಿದ ಗುಂಡಿಗಳ ಗುರುತು ಅಲ್ಲಲ್ಲಿ ಕಾಣುತ್ತಿತ್ತು. ಚೀಟಿ ಹೇಳಿದ ಕಡೆಯೇ, ಬದುವಿನ ಪಕ್ಕ ಸುಲಭವಿದ್ದರೂ ಅಲ್ಲಿ ಅಗೆಯದೆ, ಕಲ್ಲುಮಣ್ಣಿನಲ್ಲೇ ಅಗೆದಿದ್ದಳು. ಅಷ್ಟು ನಿಯತ್ತಾಗಿ ಕೆಲಸ ಮಾಡಿದ ಜೋಡಿ ಬೇರೆ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಮ್ಮ ಹಿಂದೆಯೇ ಬಂದಿದ್ದ ಅಜ್ಜಿ ಕೆಳಗಿನ ಹೊಲದ ಕಡೆ ಕೈ ತೋರಿಸಿದರು. “ಹುಳವೇ ಬೇಕು ಅಂದ್ರೆ ಅಲ್ ನೋಡಿ. ಬ್ಯಾಸಿಗೇಲಿ ಅಲ್ಲಿ ಕುರಿ ಮಂದೆ ಬುಟ್ಟಿದ್ದೋ. ಹಿಕ್ಕೆ ಬಿದ್ದ ನೆಲ. ಉಳೋವಾಗ ಹುಳ ಕಂಡಿದ್ದೆ ನಾನು.”

ಕುರಿಗಳನ್ನು ರಾತ್ರಿ ಹೊತ್ತು ಹೊಲದಲ್ಲೇ ಕೂಡಿಹಾಕಿ ಗೊಬ್ಬರ ಬೀಳಿಸಿಕೊಳ್ಳುವುದು ಆ ಕಡೆಯ ರೂಢಿ ಎಂದು ಸಾರ್ ನನಗೆ ವಿವರಿಸಿದರು. ನಡೀರಿ ನೋಡುವ ಎಂದು ಅವರು ಗುದ್ದಲಿ ಎತ್ತಿಕೊಂಡರು. ಒಂದು ಮೂಲೆಯಲ್ಲಿ ಮಣ್ಣು ಕಪ್ಪಗೆ ಸಡಿಲವಾಗಿತ್ತು. ಅಲ್ಲಿಗೆ ನೇರವಾಗಿ ಹೋದರು. ಹುಡುಗಿ ಮೊದಲ ಸಲ ಜೋರಾಗಿ ಮಾತಾಡಿದಳು.

“ಸಾರ್, ಚೀಟಿ ಎತ್ಬೇಕು. ಇಲ್ಲಾಂದ್ರೆ ಹುಳ ಇರೋ ಕಡೇನೇ ಅಗೀತೀರ.”

ಸಾರ್ ಗುದ್ದಲಿ ಕೆಳಗಿಟ್ಟು ನನ್ನ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹುಡುಗಿಯ ಮುಖದಲ್ಲೂ ಸಣ್ಣ ನಗು ಬಂತು. ಹಾಳೆ ಹರಿದು ಚೀಟಿ ಮಾಡಿ ಅಜ್ಜಿಯ ಸೆರಗಿಗೆ ಹಾಕಿದೆವು. ಅಜ್ಜಿಯೇ ಒಂದೊಂದಾಗಿ ಎತ್ತಿ ಕೊಟ್ಟರು.

ಮೊದಲ ಗುಂಡಿಯಲ್ಲಿ ಮೂರು ಹುಳ. ಎರಡನೆಯದರಲ್ಲಿ ಇಲ್ಲ. ಮೂರನೆಯದರಲ್ಲಿ ಒಂಬತ್ತು. ಅಷ್ಟರಲ್ಲಿ ಗೋಣಿತಾಟಿನ ಮುಂದೆ ನಾನೂ ಕೂತಿದ್ದೆ. ಯಾರೂ ಕೂರು ಎನ್ನಲಿಲ್ಲ. ಒಬ್ಬಳೇ ಹುಡುಗಿ ಅಷ್ಟು ಮಣ್ಣು ಜಾಲಾಡುವುದನ್ನು ನಿಂತು ನೋಡುವುದು ಸರಿ ಕಾಣಲಿಲ್ಲ, ಅಷ್ಟೇ. ಹೆಂಟೆಯೊಂದನ್ನು ಒಡೆದಾಗ ಒಂದು ಹುಳ ನನ್ನ ಅಂಗೈಗೆ ಬಿತ್ತು. ಕೈ ಕೊಡವಬೇಕೆನ್ನಿಸಿತು. ಕೊಡವಲಿಲ್ಲ. ತಣ್ಣಗಿತ್ತು. ಅಂದುಕೊಂಡಷ್ಟು ಅಂಟಂಟಾಗಿರಲಿಲ್ಲ. ಬೆರಳ ಸಂದಿಯಲ್ಲಿ ದಾರಿ ಹುಡುಕುತ್ತಾ, ಒಮ್ಮೆ ತೆಳ್ಳಗೆ ಒಮ್ಮೆ ದಪ್ಪಗೆ ಆಗುತ್ತಾ ಹೋಯಿತು.

“ಬಟ್ಲಿಗೆ ಬುಡಿ ಮೇಡಂ, ಲೆಕ್ಕ ತಪ್ತದೆ” ಎಂದರು ಸಾರ್.

ಹತ್ತು ಗುಂಡಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅಜ್ಜಿ ಮುದ್ದೆ, ಹುರುಳಿಸಾರು ಬಡಿಸಿದರು. ಸಂಜೆಯ ಬಸ್ಸಿಗೆ ನಮ್ಮನ್ನು ಕಳಿಸಲು ಹುಡುಗಿ ನಿಲ್ದಾಣದವರೆಗೆ ಬಂದಳು. ಬಸ್ ಹೊರಡುವಾಗ, “ನಾಳೆ ಬರ್ತೀನಿ ಮೇಡಂ” ಎಂದಳು.

ಮಾರನೆಯ ದಿನ ತರಗತಿಯಲ್ಲಿ ಮೊದಲು ನಾನು ಮಾತಾಡಿದೆ. ಅವಳು ಹೊಲಕ್ಕೆ ಹೋಗಿಯೇ ಇಲ್ಲ ಎಂದು ಹೇಳಿದ್ದೆನಲ್ಲ, ಅದು ತಪ್ಪು, ಅವಳು ಹೋಗಿದ್ದಳು, ಹತ್ತೂ ಗುಂಡಿ ತೋಡಿದ್ದಳು, ನಾನು ಕೇಳಿ ತಿಳಿದುಕೊಳ್ಳದೆ ಆಡಿದೆ, ಕ್ಷಮಿಸಬೇಕು ಎಂದೆ. ಮೇಷ್ಟ್ರುಗಳು ಹಾಗೆ ಹೇಳುವುದನ್ನು ಆ ಮಕ್ಕಳು ಕೇಳಿರಲಿಲ್ಲವೇನೋ. ನಾನೂ ಅದಕ್ಕೆ ಮೊದಲು ಹೇಳಿರಲಿಲ್ಲ. ಆಮೇಲೆ ಅವಳು ಬೋರ್ಡಿನ ಹತ್ತಿರ ಬಂದು ಎರಡು ಸಾಲು ಬರೆದಳು. ಮೇಲೆ ಹತ್ತು ಸೊನ್ನೆ. ಕೆಳಗೆ ಮಂದೆ ಬಿಟ್ಟಿದ್ದ ಹೊಲದ ಲೆಕ್ಕ.

ಹಿಂದಿನ ಬೆಂಚಿನ ಗಣಿತದವನೊಬ್ಬ, “ಎರಡೂ ಸೇರ್ಸಿ ಇಪ್ಪತ್ತರ ಸರಾಸರಿ ತೆಗೀಬೋದಲ್ಲ ಮೇಡಂ” ಎಂದ.

ನಾನು ಉತ್ತರಿಸುವ ಮೊದಲೇ ಅವಳು ಹೇಳಿದಳು: “ತೆಗೀಬೋದು. ಎರಡು ಚಿಲ್ರೆ ಬರ್ತದೆ. ಆದ್ರೆ ಮೇಲಿನ ಹೊಲ್ದಾಗೂ ಅಷ್ಟಿಲ್ಲ, ಕೆಳಗಿನ ಹೊಲ್ದಾಗೂ ಅಷ್ಟಲ್ಲ. ಮತ್ತೆ ಅದು ಯಾರ್ ಹೊಲ್ದ್ ಲೆಕ್ಕ?”

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಸಾರ್, “ಭೇಷ್” ಎಂದರು. ನಾನು ಮೂರು ಪಿರಿಯಡ್ಡು ತೆಗೆದುಕೊಂಡು ಹೇಳಬೇಕೆಂದಿದ್ದ ಪಾಠ ಅಲ್ಲಿಗೆ ಮುಗಿದಿತ್ತು. ಆಮೇಲೆ ಇನ್ನೊಂದು ಬೆಳವಣಿಗೆಯೂ ಆಯಿತು. ತರಗತಿ ಮುಗಿದ ಮೇಲೆ ಬೇರೆ ಎರಡು ಜೋಡಿಗಳು ಬಂದು ತಮ್ಮ ಹಾಳೆ ವಾಪಸ್ ಕೇಳಿದವು. ಒಂದು ಜೋಡಿ ಆರೇ ಗುಂಡಿ ತೋಡಿ ಉಳಿದ ನಾಲ್ಕನ್ನು ಅಂದಾಜಿನಲ್ಲಿ ಬರೆದಿತ್ತಂತೆ. ಇನ್ನೊಂದು ಸೊನ್ನೆಗಳನ್ನೆಲ್ಲ ಬಿಟ್ಟಿತ್ತಂತೆ. ಅವರ ಹಾಳೆಯಲ್ಲಿ ನನಗೆ ಯಾವ ಅನುಮಾನವೂ ಬಂದಿರಲಿಲ್ಲ.

ಸೆಮಿಸ್ಟರ್ ಕೊನೆಗೆ ಪ್ರತಿ ಹೊಲದ ಲೆಕ್ಕವನ್ನೂ ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಹೊಲದವರಿಗೇ ಕೊಡಬೇಕು ಎಂದು ಸಾರ್ ಹೇಳಿದರು. ಗುಂಡಿ ತೋಡಲು ಬಿಟ್ಟವರಿಗೆ ಏನು ಸಿಕ್ಕಿತು ಎಂದು ಗೊತ್ತಾಗಬೇಡವೇ? ಹುಡುಗಿ ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿ ಎಲ್ಲ ಕೇಳಿ ಒಂದು ಪ್ರಶ್ನೆ ಹಾಕಿದರಂತೆ. ಮಾರನೆಯ ದಿನ ಅವಳು ಅದನ್ನು ಹಾಗೆಯೇ ತಂದು ನಮ್ಮ ಮುಂದಿಟ್ಟಳು.

“ಹುಳ ಬಂದಿದ್ದು ಹಿಕ್ಕೆ ಬಿದ್ದಿದ್ದಕ್ಕಾ, ಇಲ್ಲಾ ಕೆಳಗಿನ ಹೊಲ ತಗ್ಗು, ನೀರು ಇಂಗ್ತದೆ ಅಂತ್ಲಾ? ಎಂಗ್ ಯೋಳ್ತೀರಿ ನೀವು? ಅಂತ ಕೇಳ್ತಾವ್ಳೆ ಮೇಡಂ.”

ನಮ್ಮಿಬ್ಬರ ಡಿಗ್ರಿಗಳನ್ನೂ ಒಟ್ಟುಗೂಡಿಸಿದರೂ ಉತ್ತರ ಇರಲಿಲ್ಲ. ಎರಡು ಹೊಲಗಳ ನಡುವೆ ಎರಡು ಸಂಗತಿ ಬೇರೆ ಇದ್ದವು: ಹಿಕ್ಕೆ ಒಂದು, ತಗ್ಗು ಇನ್ನೊಂದು. ನಾವು ಒಂದನ್ನೇ ನೋಡಿದ್ದೆವು.

ಮುಂದಿನ ವರ್ಷದ ಪ್ರಾಜೆಕ್ಟು ಆ ಪ್ರಶ್ನೆಯಿಂದಲೇ ಹುಟ್ಟಿತು. ಮೇಲಿನ ಹೊಲವನ್ನೇ ಎರಡು ಭಾಗ ಮಾಡಿ, ಒಂದರಲ್ಲಿ ಮಾತ್ರ ಬೇಸಿಗೆಯಲ್ಲಿ ಮಂದೆ ಬಿಡಲು ಅವಳ ಮನೆಯವರು ಒಪ್ಪಿದರು. ಮಳೆ ಬಂದ ಮೇಲೆ ಹೊಸ ಮಕ್ಕಳನ್ನು ಕಟ್ಟಿಕೊಂಡು ಹೋದೆವು. ಕೊನೆಯ ವರ್ಷದಲ್ಲಿದ್ದ ಅವಳೇ ಅವರಿಗೆ ಚೀಟಿ ಯಾಕೆ ಎತ್ತಬೇಕು ಎಂದು ಹೇಳಿಕೊಟ್ಟಳು. ಹಿಕ್ಕೆ ಬಿದ್ದ ಭಾಗದಲ್ಲಿ ಕೆಲವು ಹುಳ ಸಿಕ್ಕವು, ಬೀಳದ ಕಡೆ ಒಂದೋ ಎರಡೋ. ಕೆಳಗಿನ ಹೊಲದಷ್ಟು ಮಾತ್ರ ಇರಲಿಲ್ಲ. ಹಾಗಾದರೆ ಎರಡೂ ಕಾರಣ ಇರಬಹುದು ಎಂದು ಬರೆದೆವು. ಒಂದು ಮಳೆಗಾಲದ ಲೆಕ್ಕದಿಂದ ಅದಕ್ಕಿಂತ ಗಟ್ಟಿಯಾಗಿ ಹೇಳಲಾಗುವುದಿಲ್ಲ ಎಂದೂ ಬರೆದೆವು. ಅಜ್ಜಿ ಅದನ್ನು ಕೇಳಿ, “ಒಸಿ ನಿಧಾನವಾಗೇ ನೋಡಿ, ಹೊಲ ಎಲ್ಲೂ ಓಗಾಕಿಲ್ಲ” ಎಂದರು.

ಅವಳು ಈಗ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಸಾರ್ ನಿವೃತ್ತರಾದರು. ಹೊಸ ಪಠ್ಯಕ್ರಮದಲ್ಲಿ ವಿಷಯಗಳ ಜೋಡಣೆ ಬದಲಾಯಿತು. ಈ ಕೆಲಸಕ್ಕೆ ಅಂಕಗಳೂ ಇಲ್ಲ. ಆದರೂ ಆಗಸ್ಟಿನಲ್ಲಿ ಒಂದು ಶನಿವಾರ, ಬರುವ ಮನಸ್ಸಿರುವ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗುತ್ತೇನೆ. ಕಳೆದ ಸಲ ಬಸ್ಸು ಪಾಂಡವಪುರ ನಿಲ್ದಾಣದಲ್ಲಿ ನಿಂತಾಗ ಸಾರ್ ಹತ್ತಿದರು. ಕೈಯಲ್ಲಿ ತಮ್ಮ ಗುದ್ದಲಿಯನ್ನು ಗೋಣಿಚೀಲದಲ್ಲಿ ಸುತ್ತಿ ಹಿಡಿದಿದ್ದರು. ಕಂಡಕ್ಟರು ಅದನ್ನು ಎಲ್ಲಿಡುವುದು ಎಂದು ಗೊಣಗಿದ. ಸಾರ್ ಸೀಟಿನ ಕೆಳಗೆ ತಳ್ಳಿ, ನನ್ನ ಪಕ್ಕದಲ್ಲಿ ಕುಳಿತು, ಈ ಸಲ ಮಳೆ ಯಾವ ಯಾವ ಹೋಬಳಿಗೆ ಹೇಗೆ ಬಿದ್ದಿದೆ ಎಂದು ಹೇಳತೊಡಗಿದರು.